ಮಾತು ಬಿಟ್ಟವರ ರೂಟಿಂಗ್ ಟ್ರೇನಿಂಗ್

ಆ ಮನಷ್ಯಾನ ಪಕ್ಕದಾಗ ನನಗ ಕುರ್ಚಿ ಹಾಕಿಸಿದವರು ಯಾರು ಅಂತ ಇವತ್ತಿಗೂ ನನಗ ಗೊತ್ತಾಗಿಲ್ಲ. ಗೊತ್ತಾದ ದಿನ ಅವರಿಗೆ ಸರಿಯಾಗಿ ಮಂಗಳಾರತಿ ಮಾಡತೇನಿ. ನಮ್ಮ ಹೆಡ್ ಆಫೀಸಿನ ಟ್ರೇನಿಂಗ್ ಲ್ಯಾಬಿನ ತುಂಬ ಜಾಗಾ ಖಾಲಿ ಬಿದ್ದಿತ್ತು. ಆದ್ರ ಎರಡೆರಡು ಮಂದಿಗೆ ಒಂದು ಮೇಜು ಅಂತ ಮೊದಲ ಚೀಟಿ ಅಂಟಿಸಿ ಇಟ್ಟಿದ್ರು, ಟ್ರೇನಿಂಗ್ ಮುಗಿಯೂತನಕಾ ಅದ ಮೇಜು, ಅದ ಜೋಡಿ. ನನ್ನ ಜೋಡಿಗೆ ಆಂವ. ನನ್ನ ಸೋದರಮಾವನ ಮಗ. ಎಲ್ಲಾರ ಮುಂದ ನನ್ನ ಒಲ್ಲೆ ಅಂದಾಂವ.

ನಾವಿಬ್ಬರೂ ಒಂದ ಪತ್ತಿನ ಸೊಸಾಯಿಟ್ಯಾಗ ಕೆಲಸಾ ಮಾಡತೀವಿ. ಹೆಡ್ ಆಫೀಸು ಜಮಖಂಡ್ಯಾಗ, ಬ್ರ್ಯಾಂಚು ಮುಧೋಳ, ಬೀಳಗಿ, ಮಹಾಲಿಂಗಪುರ, ರಬಕವಿ-ಬನಹಟ್ಟ್ಯಾಗ. ಎಲ್ಲಾ ಬ್ರ್ಯಾಂಚಿನ ಲೆಕ್ಕ ಜಮಖಂಡಿ ಸರ್ವರಿಗೆ ಹೋಗಿ ಬರಬೇಕು. ಅದು ಯಾವ ದಾರಿ ಹಿಡಿದು ಹೋಗಬೇಕು ಅಂತ ಹೇಳೂ ಡಬ್ಬಿಗೆ ರೌಟರ್ ಅಂತಾರ. ಬೀಳಗಿ ಮತ್ತ ರಬಕವಿ ಡಬ್ಬಿ ನನ್ನ ಕೈಯಾಗ, ಮುಧೋಳ ಮತ್ತ ಮಹಾಲಿಂಗಪುರದ್ದು ಅವನ ಕೈಯಾಗ. ಹೆಡ್ ಆಫೀಸಿಂದು ಹೊರಗಿನ ಕಂಪನಿಯವರು ನೋಡತಿದ್ರು. ನನ್ನ ಡಬ್ಬಿ ಪಾಸ್‌ವರ್ಡ್ ಅವಗ ಗೊತ್ತಿಲ್ಲ, ಅವಂದು ನನಗ ಗೊತ್ತಿಲ್ಲ. ಕೇಳೂದೂ ಇಲ್ಲ, ಹೇಳೂದೂ ಇಲ್ಲ.

ಟ್ರೇನಿಂಗ್ ಶುರುವಾಗೂ ಮೊದಲ ನಮ್ಮ ಜನರಲ್ ಮ್ಯಾನೇಜರ್ ಸಾಹೇಬರು ಇಬ್ಬರನ್ನೂ ಚೇಂಬರಿಗೆ ಕರಿಸಿದ್ರು. "ನೋಡ್ರಿ, ಅರ್ಧಾ ಇವರದು ಅರ್ಧಾ ಅವರದು ಅಂತ ಇನ್ನ ಮುಂದ ನಡಿಯಂಗಿಲ್ಲ. ಎಲ್ಲಾ ಬ್ರ್ಯಾಂಚಿನ ನೆಟ್‌ವರ್ಕಿಗೂ ಒಬ್ರ ಮುಖ್ಯಸ್ಥರು. ಟ್ರೇನಿಂಗ್ ಮುಗಿದ ಮ್ಯಾಲ ಯಾರಂತ ಹೇಳತೇನಿ. ಇನ್ನೊಬ್ಬರು ಅವರ ಕೈಕೆಳಗ."

ಆ ಮಾತು ಕೇಳಿದಾಗಿಂದ ನನಗ ಅದೊಂದ ಧ್ಯಾಸ. ಪಗಾರದ ಆಸೆ ಅಲ್ಲ. ಬ್ಯಾರೆ ಯಾರ ಕೈಕೆಳಗ ಹಾಕಿದ್ರೂ ಹೂಂ ಅಂತಿದ್ದೆ. ಆದ್ರ ಮುಂಜಾನೆದ್ದು ಆ ಮನಷ್ಯಾನ ಮುಂದ ನಿಂತು "ಇದನ್ನ ಮಾಡಲ್ರ್ಯಾ ಸರ್" ಅಂತ ಕೇಳೂದೇನು? ಅದಕ್ಕಿಂತ ಕೆಲಸಾ ಬಿಡೂದು ಛಲೋ. ಬಿಡಾಕ ಮನಸ ಆಗಬೇಕಲ್ಲ? ಬೀಳಗಿ ಬ್ರ್ಯಾಂಚಿನ ಮಾಳಿಗಿ ಮ್ಯಾಲ ಬ್ಯಾಸಗಿ ಬಿಸಲಾಗ ನಿಂತು ಕೇಬಲ್ ಎಳಿಸಿದಾಕಿ ನಾನು. "ಹೆಣ್ಣಮಗಳಿಗೆ ಈ ವೈರಿನ ಉಸಾಬರಿ ಯಾಕ" ಅಂದವರಿಗೆಲ್ಲಾ ಉತ್ತರಾ ಕೊಟ್ಟು ಕಟ್ಟಿದ ಕೆಲಸ ಅದು. ಮುಖ್ಯಸ್ಥರ ಕುರ್ಚಿ ನನಗ ಬರಬೇಕು, ಅವಗ ಹೋಗಬಾರದು. ಇಷ್ಟ ನನ್ನ ತಲಿಯಾಗ ಇದ್ದದ್ದು.

ಇಷ್ಟು ಸಿಟ್ಟು ಯಾಕ ಅಂತ ಕೇಳಿದ್ರ ಹೇಳತೇನಿ, ಮುಚ್ಚಿಡೂದು ಏನೈತಿ, ಊರಿಗೇ ಗೊತ್ತಿದ್ದ ಮಾತು.

ನಮ್ಮ ಮಂದ್ಯಾಗ ಸೋದರಮಾವಗ ಮಗ ಇದ್ದ ಅಂದ್ರ ಹುಡಿಗಿಗೆ ಹೊರಗ ವರಾ ಹುಡಕೂದಿಲ್ಲ. ತೊಟ್ಟಲದಾಗ ಇದ್ದಾಗಿಂದನ ಇಂವಗ ಈಕಿ ಅಂತ ಅಂದು ಬಿಟ್ಟಿರತಾರ. ನನಗ ಕಾಲೇಜಿನ್ಯಾಗ ಕಂಪ್ಯೂಟರ್ ಓದಾಕ ಸೀಟು ಸಿಕ್ಕ ವರ್ಷ, ಬೀರೇಶ್ವರ ಗುಡಿ ಮುಂದ ಹಿರ್ಯಾರು ಕುಂತ್ರು. ತಾಟಿನ್ಯಾಗ ಭಂಡಾರ ಇತ್ತು. ಎರಡೂ ಕಡಿಯವರು ಆ ಅರಿಷಿಣ ಹಣಿಗೆ ಹಚ್ಚಿಕೊಂಡ್ರಂದ್ರ ಮಾತು ಗಟ್ಟಿ ಆದಂಗ. ನಾ ಹೆಂಗಸರ ನಡುವ ಕಟ್ಟಿ ಮ್ಯಾಲ ಕುಂತಿದ್ದೆ. ಹಿರಿಯಾ ಒಬ್ಬ ತಾಟು ತಗೊಂಡು ಅವನ ಮುಂದ ಹಿಡದ. ಆಂವ ತಾಟು ಹಿಂದಕ್ಕ ಸರಿಸಿದ. "ನಾ ಒಲ್ಲೆ" ಅಂದ. ಅಷ್ಟ. ಯಾಕೋ, ಏನಾತೋ ಅಂತ ಹತ್ತು ಮಂದಿ ಕೇಳಿದ್ರು, ಬಾಯಿ ಬಿಡಲಿಲ್ಲ. ಎದ್ದು ಕೆರವು ಮೆಟ್ಟಿಕೊಂಡು ಹೋದ.

ದೇವರ ಭಂಡಾರ ಹಿಂದ ಸರಿಸಿದ್ರ ಊರು ಸುಮ್ಮನ ಇರತೈತೇನು? ಹುಡಿಗ್ಯಾಗ ಏನೋ ಐಬು ಐತಿ ಅಂದ್ರು. ಹಿಟ್ಟಿನ ಗಿರಣಿಗೆ ಹೋದ್ರೂ ಹೆಂಗಸರು ನನ್ನ ಮ್ಯಾಲಿಂದ ಕೆಳತನಕಾ ನೋಡತಿದ್ರು, ಐಬು ಎಲ್ಲಿ ಐತಿ ಅಂತ ಹುಡಕಿದಂಗ. ನಮ್ಮವ್ವ ತನ್ನ ಒಡಹುಟ್ಟಿದ ಅಣ್ಣನ ಜೋಡಿ ಮಾತು ಬಿಟ್ಟಳು. ಪಂಚಮಿ ಬಂದ್ರ ಓಣ್ಯಾಗಿನ ಹೆಣ್ಣಮಕ್ಕಳೆಲ್ಲಾ ತವರಿಗೆ ಹೋಗಿ ಜೋಕಾಲಿ ಆಡತಿದ್ರು, ನಮ್ಮವ್ವ ಬಾಗಲಾ ಹಾಕ್ಕೊಂಡು ಒಳಗ ಕುಂಡ್ರತಿದ್ದಳು. ಮುಂದ ನನಗ ಬ್ಯಾರೆ ಕಡೆ ಲಗ್ನ ಆತು, ಅವಗೂ ಆತು. ನನ್ನ ಗಂಡ ಛಲೋ ಮನಷ್ಯಾ, ಅವನ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರ ನಮ್ಮವ್ವ ತವರು ಕಾಣದ ಸತ್ತಳು. ಅದನ್ನ ನಾ ಹೆಂಗ ಮರೀಲಿ?

ಆಮ್ಯಾಲ ಇಬ್ಬರಿಗೂ ಒಂದ ಸೊಸಾಯಿಟ್ಯಾಗ ನೌಕರಿ ಸಿಕ್ಕಿದ್ದು ನನ್ನ ಹಣೇಬಾರ. ಮಾತಂತೂ ಇಲ್ಲ. ಕೆಲಸದ ಸಲುವಾಗಿ ಏನರೆ ಹೇಳೂದಿದ್ರ ನಡುವ ಒಬ್ಬಾಕಿ ಬೇಕು. ಆಕಿ ನಮ್ಮ ರಬಕವಿ-ಬನಹಟ್ಟಿ ಬ್ರ್ಯಾಂಚಿನ ಆಪರೇಟರ್, ವಯಸ್ಸಿನ್ಯಾಗ ನನಗಿಂತ ದೊಡ್ಡಾಕಿ, ಎಲ್ಲಾರೂ ಬನಹಟ್ಟಿ ಅಕ್ಕಾ ಅಂತಾರ. "ಅಕ್ಕಾ, ಅವರಿಗೆ ಹೇಳ್ರಿ" ಅಂತ ನಾನು. "ಅಕ್ಕಾ, ಅವರಿಗೆ ತಿಳಸ್ರಿ" ಅಂತ ಆಂವ. ಅಕ್ಕಾ ಒಮ್ಮೊಮ್ಮೆ ಕೈ ಮುಗದು "ನಿಮ್ಮಿಬ್ಬರ ಟಪಾಲು ಹೊರಾಕ ನನಗ ಬ್ಯಾರೆ ಪಗಾರ ಕೊಡಸ್ರಿ" ಅಂತಿದ್ದಳು. ಆಕಿನೂ ಅದ ಟ್ರೇನಿಂಗಿಗೆ ಬಂದಿದ್ದಳು, ನಮ್ಮ ಹಿಂದಿನ ಮೇಜಿನ್ಯಾಗ.

ಟ್ರೇನರ್ ಬೆಂಗಳೂರಾಂವ. ಮೊದಲನೇ ದಿನಾನ ನನ್ನ ಕಣ್ಣಿಗೆ ಹೊಲಸ ಕಂಡ. ಮಧ್ಯಾಹ್ನ ಊಟಕ್ಕ ಕುಂತಾಗ ಖಡಕ್ ರೊಟ್ಟಿ ಮುರದು, "ಇದನ್ನ ದಿನಾ ತಿಂತೀರಾ?" ಅಂತ ಕೇಳಿದ. ತಿಂತೀವಪ್ಪಾ, ಅದಕ್ಕ ನಮ್ಮ ಹಲ್ಲು ಗಟ್ಟಿ ಅದಾವು. ಶೇಂಗಾ ಚಟ್ನಿ ನಾಲಿಗಿಗೆ ಹಚ್ಚಿ ಕೆಮ್ಮಿದ. ಆಮ್ಯಾಲ ಟ್ರೇನಿಂಗ್ ಮುಗಿಯೂತನಕಾ ಮೊಸರನ್ನದ ಮ್ಯಾಲ ಬದುಕಿದ. ಕ್ಲಾಸಿನ್ಯಾಗ ಮಾತ್ರ ಜೋರು. "ಇದು ಇಂಟರ್‌ಮೀಡಿಯೆಟ್ ಕೋರ್ಸು. ಬೇಸಿಕ್ ಗೊತ್ತಿಲ್ಲದವರು ಈಗಲೇ ಹೇಳಿಬಿಡಿ" ಅಂದು ನೆಟ್ಟಗ ನನ್ನ ಕಡೆ ನೋಡಿದ. ಲ್ಯಾಬಿನ್ಯಾಗ ಇದ್ದ ಹೆಂಗಸರು ನಾವಿಬ್ಬರ, ಅಕ್ಕಾ ಮತ್ತ ನಾನು. ಯಾಕ ನೋಡಿದ ಅಂತ ಬ್ಯಾರೆ ಹೇಳಬೇಕಾಗಿಲ್ಲ.

"ನಿಮ್ಮಲ್ಲಿ ರೂಟಿಂಗ್ ಹೇಗೆ ಮಾಡ್ತೀರಾ?" ಅಂತ ಕೇಳಿದ. ನಾ ಎದ್ದು ನಿಂತು ನಮ್ಮ ಪದ್ಧತಿ ಹೇಳಿದೆ. ನಮ್ಮ ಕಡೆ ಕಾರ್ಖಾನಿ ಶುರುವಾದ್ರ ಕಬ್ಬಿನ ಟ್ರ್ಯಾಕ್ಟರು ರಸ್ತಾಕ್ಕ ಇಳಿತಾವು. ಒಂದಕ್ಕ ಎರಡೆರಡು ಟ್ರೇಲಿ, ಅದರ ಮ್ಯಾಲ ಮಾಳಿಗಿ ಎತ್ತರ ಕಬ್ಬು. ಕಂಬದಿಂದ ಕಂಬಕ್ಕ ಎಳದ ಕೇಬಲ್ ಅದಕ್ಕ ಸಿಕ್ಕಿ ಹರೀತೈತಿ. ಡ್ರೈವರ್ ಟೇಪು ಹಚ್ಚಿಕೊಂಡು ಹೋಗಾಕತ್ತಿರತಾನ, ಅವಗ ಗೊತ್ತೂ ಆಗಂಗಿಲ್ಲ. ಕೇಬಲ್ ಹರೀತಂದ ಕೂಡಲೇ ನಾವು ರೌಟರಿಗೆ ಕೈಯಿಂದ ಬರದು ಹೇಳತೀವಿ: ಈ ದಾರಿ ಬಿಡು, ಆ ಊರ ಮ್ಯಾಲ ಹಾದು ಹೋಗು ಅಂತ. ಸೀಸನ್ ರೂಟ್ ಅಂತೀವಿ ಅದಕ್ಕ.

ಟ್ರೇನರ್ ನಕ್ಕ. "ಸೀಸನ್ ರೂಟಾ? ಕೈಯಲ್ಲಿ ಬರೆಯೋದಾ? ರೌಟರ್‌ಗಳು ತಾವೇ ಒಂದಕ್ಕೊಂದು ಮಾತಾಡಿಕೊಂಡು ದಾರಿ ಹುಡುಕಿಕೊಳ್ಳುತ್ತವೆ ಮೇಡಮ್. ಅದನ್ನ ಕಲಿಯೋದಕ್ಕೇ ಇಲ್ಲಿ ಬಂದಿರೋದು. ಕೈಯಲ್ಲಿ ಬರೆದಿದ್ದು ಇದ್ದರೆ ರೌಟರ್ ಬೇರೆ ಏನನ್ನೂ ನಂಬೋದಿಲ್ಲ. ನೀವು ತಪ್ಪು ದಾರಿ ಹೇಳಿದರೂ ಕಣ್ಣು ಮುಚ್ಚಿಕೊಂಡು ಹೋಗುತ್ತೆ."

ಪಕ್ಕದಾಗ ಕುಂತಾಂವ ಬಾಯಿಗೆ ಕೈ ಅಡ್ಡ ಹಿಡಕೊಂಡ. ನಕ್ಕನೋ ಕೆಮ್ಮಿದನೋ ಗೊತ್ತಿಲ್ಲ. ತಾನೂ ಅದ ಸೀಸನ್ ರೂಟ್ ಬರೆಯಾಂವ, ಬಾಯಿ ಬಿಟ್ಟು ಒಂದು ಮಾತು ಹೇಳಬಾರದಾ? ಹೇಳಲಿಲ್ಲ. ನಾನೊಬ್ಬಾಕಿನ ದಡ್ಡಿ ಆಗಿ ಕುಂತೆ.

ಅವತ್ತ ಟ್ರೇನರ್ ಇನ್ನೊಂದು ಹೇಳಿದ. ಪಕ್ಕದ ರೌಟರ್ ಜೀವಂತ ಐತೋ ಇಲ್ಲೋ ತಿಳಿಯಾಕ ಇದು ಆಗಾಗ ಹಲೋ ಅಂತೈತಂತ. ಅತ್ತಕಡಿಂದ ಒಂದು ಸ್ವಲ್ಪ ಹೊತ್ತು ಹಲೋ ಬರಲಿಲ್ಲಂದ್ರ ಅದು ಸತ್ತುಹೋತು ಅಂತ ಲೆಕ್ಕಾ ಹಿಡಿತೈತಂತ. ಹಿಂದಿನ ಮೇಜಿನ್ಯಾಗ ಅಕ್ಕಾ ಕಿಸಕ್ಕಂತ ನಕ್ಕಳು. ನಾ ತಿರುಗಿ ನೋಡಿದೆ. ಆಕಿ ಪೆನ್ನು ಕೆಳಗ ಬಿತ್ತು ಅನ್ನೂಹಂಗ ಮೇಜಿನ ಕೆಳಗ ಬಗ್ಗಿದಳು.

ಕೊಟ್ಟ ಅಭ್ಯಾಸ ಮಾತ್ರ ನಾವಿಬ್ಬರೂ ಉಳಿದ ಮೇಜಿನವರಿಗಿಂತ ಮೊದಲ ಮುಗಸ್ತಿದ್ವಿ. ತುಟಿ ಬಿಚ್ಚತಿರಲಿಲ್ಲ, ಆದ್ರ ಆಂವ ಏನು ಟೈಪ್ ಮಾಡಾಕತ್ತಾನ ಅಂತ ನನಗ ನೋಡಲಾರದನ ತಿಳೀತಿತ್ತು. ಸಣ್ಣವರಿದ್ದಾಗ ಸಾಲಿ ಸೂಟಿಗೆ ಒಂದ ಮನ್ಯಾಗ ಇರತಿದ್ವಿ, ಒಂದ ತಾಟಿನ್ಯಾಗ ಉಣತಿದ್ವಿ. ಆಂವ ಯಾವಾಗ ಅವಸರಾ ಮಾಡತಾನ, ಎಲ್ಲಿ ತಪ್ಪತಾನ, ಎಲ್ಲಾ ನನಗ ಬಾಯಿಪಾಠ. ಇದೊಂದು ಬ್ಯಾರೆ ಹೊಟ್ಟಿಉರಿ. ಬ್ಯಾಡಾದ ಮನಷ್ಯಾನ ಗುರುತು ಅಷ್ಟು ಚಂದಾಗಿ ಯಾಕ ಇರಬೇಕು?

ಹಿಂಗ ಇರಬೇಕಾದ್ರ, ಟ್ರೇನಿಂಗ್ ಇನ್ನೇನು ಮುಗಿಯಾಕ ಬಂದಾಗ, ಒಂದು ಮುಂಜಾನೆ ನನ್ನ ಫೋನ್ ಬಾರಿಸ್ತು. ಬೀಳಗಿ ಬ್ರ್ಯಾಂಚಿನ ಮ್ಯಾನೇಜರು. "ಮೇಡಮ್, ಲೈನ್ ಹೋತ್ರಿ. ಕಬ್ಬಿನ ಟ್ರ್ಯಾಕ್ಟರು ಕೇಬಲ್ ಎಳಕೊಂಡು ಹೋಗೇತಂತ. ನಿನ್ನಿ ಕಬ್ಬಿನ ಬಿಲ್ ಜಮಾ ಆಗೇತಿ, ಮಂದಿ ಬಾಗಲತನಕಾ ನಿಂತಾರ. ಲಗೂನ ಏನರೆ ಮಾಡ್ರಿ." ನಾ ಹೊರಗ ಹೋಗಿ ಮಾತಾಡಿ ಬರೂದ್ರಾಗ ಅವನೂ ಫೋನ್ ಕಿವಿಗೆ ಹಚ್ಚಿಕೊಂಡಿದ್ದ. ಅವಗ ಮುಧೋಳದಿಂದ ಬಂದಿತ್ತು.

ಇಲ್ಲಿ ಒಂದು ಮಾತು ಕೇಳಿದ್ರ ಮುಗೀತಿತ್ತು. "ನಿನಗ ಯಾವ ಊರಿಂದ ಫೋನು?" ಇಷ್ಟ. ಮೊಣಕೈ ದೂರದಾಗ ಕುಂತಿದ್ದ. ನಾ ಕೇಳಲಿಲ್ಲ. ಆಂವ ಕೇಳಲಿಲ್ಲ.

ನಮ್ಮ ಎಲ್ಲಾ ರೌಟರಿಗೂ ಒಂದೊಂದು ಸಿಮ್ ಕಾರ್ಡ್ ಹಾಕೇವಿ. ಕೇಬಲ್ ಹರದ್ರೂ ಮೊಬೈಲ್ ಮ್ಯಾಲ ಒಳಗ ಹೊಕ್ಕು ಡಬ್ಬಿ ರಿಪೇರಿ ಮಾಡಬಹುದು, ಸೊಸಾಯಿಟಿ ವ್ಯವಹಾರ ಮಾತ್ರ ಅದರ ಮ್ಯಾಲ ನಡಿಯಂಗಿಲ್ಲ. ನಾ ಲ್ಯಾಪ್‌ಟಾಪ್ ತಗದು ಬೀಳಗಿ ಡಬ್ಬಿ ಹೊಕ್ಕೆ. ಬೀಳಗಿ-ಜಮಖಂಡಿ ದಾರಿ ಸತ್ತಿತ್ತು, ಬೀಳಗಿ-ಮುಧೋಳ ಲೈನು ಜೀವಂತ ಇತ್ತು. ಸೀಸನ್ ರೂಟ್ ಬರದೆ: ಜಮಖಂಡಿಗೆ ಹೋಗೂದೆಲ್ಲಾ ಮುಧೋಳ ಮ್ಯಾಲ ಹಾದು ಹೋಗು. ಅದ ಹೊತ್ತಿನ್ಯಾಗ ಆಂವ ಮುಧೋಳ ಡಬ್ಬಿ ಹೊಕ್ಕ. ಮುಧೋಳ-ಜಮಖಂಡಿ ದಾರಿನೂ ಸತ್ತಿತ್ತು. ಆಂವ ಬರದ: ಜಮಖಂಡಿಗೆ ಹೋಗೂದೆಲ್ಲಾ ಬೀಳಗಿ ಮ್ಯಾಲ ಹಾದು ಹೋಗು.

ಜಮಖಂಡಿ ಬಿಟ್ಟು ಒಂದಿಷ್ಟು ದೂರ ಎರಡೂ ಊರಿನ ಕೇಬಲ್ ಒಂದ ಕಂಬದ ಮ್ಯಾಲ ಹೋಗತಾವು. ಟ್ರ್ಯಾಕ್ಟರು ಎರಡನ್ನೂ ಹರಕೊಂಡು ಹೋಗಿತ್ತು. ಕಂಬದ ಸುದ್ದಿ ನನಗೂ ಗೊತ್ತು, ಅವಗೂ ಗೊತ್ತು. ಆದ್ರ ಹರದದ್ದು ನಂದೊಂದ ಅಂತ ನಾ ತಿಳದೆ. ಹರದದ್ದು ತನ್ನದೊಂದ ಅಂತ ಆಂವ ತಿಳದ. ನೀನು ಅವನ ಕಡೆ ಹೋಗು ಅಂತ ಬೀಳಗಿ ಡಬ್ಬಿಗೆ ನಾ ಹೇಳಿದೆ, ನೀನು ಆಕಿ ಕಡೆ ಹೋಗು ಅಂತ ಮುಧೋಳ ಡಬ್ಬಿಗೆ ಆಂವ ಹೇಳಿದ. ಎರಡೂ ಊರಿನ ಲೆಕ್ಕ ಜಮಖಂಡಿ ಮುಟ್ಟಲಾರದ ಮುಧೋಳ ಬೀಳಗಿ ನಡುವ ಗಿರಗಿಟ್ಲಿ ತಿರಗಾಕ ಹತ್ತಿತು.

ಇಬ್ಬರ ಫೋನೂ ಒಂದ ಸವನ ಬಾರಿಸಾಕ ಶುರು ಆದುವು. ಬ್ರ್ಯಾಂಚಿನ ಕಂಪ್ಯೂಟರ್ ಪರದೆ ಮ್ಯಾಲ ಚಕ್ರ ತಿರಗೂದು ಬಿಟ್ರ ಏನೂ ಇಲ್ಲ. ಬೀಳಗಿ ಮ್ಯಾನೇಜರು "ಮಂದಿ ಮೈಮ್ಯಾಲ ಬರಾಕತ್ತಾರ್ರಿ" ಅಂದ್ರು. ನಾ ಮತ್ತ ನೋಡಿದೆ, ನಾ ಬರದಿದ್ದು ಬರೋಬ್ಬರಿ ಇತ್ತು. ಇದು ಅವನ ಕಡಿಂದ ಏನೋ ಆಗೇತಿ ಅಂತ ಮನಸಿನ್ಯಾಗ ಅವಗ ಬೈದೆ. ಅವನೂ ನನಗ ಬೈದಿರಬೇಕು. ಹಿಂಗ ಬೈಕೋತ ಮಧ್ಯಾಹ್ನ ಮಾಡಿದ್ವಿ.

ಕಡೀಕ ಟ್ರೇನರ್ ಬಂದ. "ಏನ್ರೀ ನಡೀತಾ ಇದೆ ಈ ಟೇಬಲ್‌ನಲ್ಲಿ?" ನನ್ನ ಲ್ಯಾಪ್‌ಟಾಪಿಗೆ ವೈರು ಚುಚ್ಚಿ ದೊಡ್ಡ ಪರದೆಗೆ ಹಚ್ಚಿದ. ಹೋಗೂ ದಾರಿ ತೋರಿಸೂ ಆಜ್ಞಾ ಕೊಟ್ಟ. ಎಲ್ಲಾರೂ ತಲಿ ಎತ್ತಿ ನೋಡಿದ್ರು. ಬೀಳಗಿ. ಮುಧೋಳ. ಬೀಳಗಿ. ಮುಧೋಳ. ಸಾಲಿಗೆ ಸಾಲು ಕೆಳಗ ಇಳಕೋತ ಹೋತು.

"ಗಂಡಾ ಹೆಂಡರ ಜಗಳದಾಗ ಕೂಸು ಬಡವಾತು" ಅಂತ ಅಕ್ಕಾ ಬಾಯಿ ತಪ್ಪಿ ಅಂದುಬಿಟ್ಟಳು.

"ಯಾರಕ್ಕಾ ಗಂಡಾ? ಯಾರು ಹೆಂಡತಿ?" ನಾ ಎದ್ದು ನಿಂತೆ. ನನ್ನ ಮುಖದಾಗ ಏನಿತ್ತೋ ಏನೋ, ಆಕಿ ನಾಲಿಗಿ ಕಚ್ಚಿಕೊಂಡು "ತಪ್ಪಾತವ್ವಾ, ಗಾದಿ ಮಾತು ಅಂದ್ನಿ" ಅಂದಳು. ಉಳಿದವರು ಕಂಪ್ಯೂಟರ್ ಹಿಂದ ಮುಖಾ ಹುಗಿದು ನಗಾಕತ್ತಿದ್ರು. ನನಗ ನೆಲಾ ಬಾಯಿ ಬಿಡಬಾರದೇನು ಅನಿಸ್ತು.

"ಅಕ್ಕಾ, ಅವರಿಗೆ ಹೇಳ್ರಿ. ತಮ್ಮದು ತಗೀಲಿ."

"ಅಕ್ಕಾ, ಮೊದಲ ಅವರು ತಗೀಲಿ."

"ಯಾರಾದರೂ ಒಬ್ಬರು ತೆಗೀರಿ!" ಅಂತ ಟ್ರೇನರ್ ಒದರಿದ. ಅವನ ದನಿಗೆ ಹೆದರಿ ಇಬ್ಬರೂ ಕೂಡೇ ತಗದ್ವಿ. ಈಗ ಎರಡೂ ಊರಿಗೆ ದಾರಿನ ಇಲ್ಲದಂಗಾತು. ಟ್ರೇನರ್ ತಲಿಗೆ ಕೈ ಹಚ್ಚಿಕೊಂಡು ಕುಂತ.

ಉಳಿದಿದ್ದು ಪಡುವಲ ಕಡಿ ದಾರಿ. ಮುಧೋಳದಿಂದ ಮಹಾಲಿಂಗಪುರ, ಅಲ್ಲಿಂದ ರಬಕವಿ, ರಬಕವಿಯಿಂದ ಜಮಖಂಡಿ. ಸುತ್ತು ಬಳಸಿನ ದಾರಿ, ಸಣ್ಣ ಲೈನು, ಆದ್ರ ಜೀವಂತ ಇತ್ತು. ಅದರ ಅರ್ಧಾ ಡಬ್ಬಿ ಅವನ ಕೈಯಾಗ, ಅರ್ಧಾ ನನ್ನ ಕೈಯಾಗ. ಅಕ್ಕಾ ನಡುವ ನಿಂತು ಟಪಾಲು ಹೊತ್ರ ಸಂಜಿ ಆಗತಿತ್ತು. ಬೀಳಗ್ಯಾಗ ಮುದುಕರು ಬಿಸಲಾಗ ನಿಂತಾರ ಅಂತ ಮತ್ತ ಫೋನ್ ಬಂತು. ನಾ ಹಲ್ಲು ಕಚ್ಚಿದೆ. ಅವನ ಕಡೆ ತಿರುಗಲಿಲ್ಲ, ಪರದೆ ನೋಡಕೋತನ ಅಂದೆ:

"ಮುಧೋಳದ್ದು ಮಹಾಲಿಂಗಪುರ ಕಡೆ ತಿರಗಸು. ಬೀಳಗಿ ನಾ ನಿನ್ನ ಕಡೆ ಕಳಸ್ತೇನಿ. ರಬಕವಿ ನಾ ನೋಡತೇನಿ."

"ಹೂಂ" ಅಂದ.

ಭಂಡಾರದ ತಾಟು ಸರಿಸಿದ ಮ್ಯಾಲ ನಮ್ಮಿಬ್ಬರ ನಡುವ ಹಾದ ಮೊದಲನೇ ಮಾತು ಇದು. ಚಹಾ ಕುಡಿಯೂವಷ್ಟು ಹೊತ್ತಿನ್ಯಾಗ ಎರಡೂ ಊರು ಚಾಲೂ ಆದುವು. ಯಾರೂ ಚಪ್ಪಾಳಿ ಹೊಡಿಲಿಲ್ಲ. ಟ್ರೇನರ್ ಹಲಿಗಿ ಮ್ಯಾಲ ದೊಡ್ಡದಾಗಿ "ಲೂಪ್" ಅಂತ ಬರದು, ಉಳಿದ ಹೊತ್ತೆಲ್ಲಾ ನಮ್ಮನ್ನ ಉದಾಹರಣಿ ಮಾಡಿ ಪಾಠಾ ಹೇಳಿದ. ಅವನ ಮಾತು ಖರೆನ ಇತ್ತು. ಖರೆ ಇತ್ತು ಅಂತನ ನನಗ ಇನ್ನಷ್ಟು ಸಿಟ್ಟು ಬಂತು.

ಟ್ರೇನಿಂಗ್ ಮುಗಿದ ದಿನ ಸಂಜಿಮುಂದ ಸಾಹೇಬರು ಇಬ್ಬರನ್ನೂ ಚೇಂಬರಿಗೆ ಕರಿಸಿದ್ರು. ಕುಂಡ್ರು ಅನ್ನಲಿಲ್ಲ. "ಎರಡು ಬ್ರ್ಯಾಂಚ್ ಅರ್ಧಾ ದಿನ ಬಂದ್ ಬಿದ್ದುವು. ಒಬ್ಬರಿಗೊಬ್ಬರು ಒಂದು ಮಾತು ಕೇಳಿದ್ರ ಮುಗಿಯೂ ಕೆಲಸ. ಯಾಕ ಕೇಳಲಿಲ್ಲ?"

ನಾ ಬಾಯಿ ತಗಿಯೂದ್ರೊಳಗ ಆಂವ ಅಂದ: "ಅವರು ಹೇಳಿದ್ರಿ ಸರ್. ಬೀಳಗಿ ಲೈನ್ ಹೋಗೇತಿ, ಮುಧೋಳ ಕಡೆ ತಿರಗಸ್ತೇನಿ ಅಂತ ನನಗ ಮೊದಲ ಹೇಳಿದ್ರು. ನಾನ ಕಿವಿಗೆ ಹಾಕ್ಕೊಳ್ಳಲಿಲ್ಲ. ತಪ್ಪು ನಂದರಿ."

ನಾ ದಂಗಾಗಿ ಅವನ ಮುಖಾ ನೋಡಿದೆ. ಆಂವ ಗ್ವಾಡಿ ನೋಡಾಕತ್ತಿದ್ದ. ಸಾಹೇಬರು "ಹಂಗಿದ್ರ ಮುಗಿತಲ್ಲ. ಮೇಡಮ್, ಸೋಮವಾರದಿಂದ ಎಲ್ಲಾ ಬ್ರ್ಯಾಂಚೂ ನೀವ ನೋಡಿಕೊಳ್ರಿ. ಇವರು ನಿಮ್ಮ ಕೈಕೆಳಗ" ಅಂದ್ರು. ಆಂವ ನಮಸ್ಕಾರ ಮಾಡಿ ಹೊರಗ ಹೋದ.

ನಾ ಬೇಡಿದ್ದು ಸಿಕ್ಕಿತ್ತು. ಬಾಗಲಾ ದಾಟಿ ಹೋಗಿದ್ರ ಆಗಿತ್ತು. ಆದ್ರ ನನ್ನ ಕಾಲು ಕಿತ್ತು ಬರಲಿಲ್ಲ. ನಾ ದುಡದು ತಗೋಬೇಕಾದ ಕುರ್ಚಿ, ಆಂವ ಎಡಗೈಲೆ ಎತ್ತಿ ನನ್ನ ಉಡ್ಯಾಗ ಒಗದು ಹೋಗಿದ್ದ. ಇನ್ನ ಮುಂದ ಆ ಕುರ್ಚಿ ಮ್ಯಾಲ ಕುಂತಾಗೊಮ್ಮೆ ಇದು ಅವಂದು ಅಂತ ಚುಚ್ಚತಿರತೈತಿ. ಒಲ್ಲೆ.

"ಸರ್, ಅವರು ಹೇಳಿದ್ದು ಸುಳ್ಳು" ಅಂದೆ. "ನಾ ಅವರಿಗೆ ಏನೂ ಹೇಳಿರಲಿಲ್ಲ. ನಮ್ಮಿಬ್ಬರಿಗೂ ಮಾತಿಲ್ಲ. ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಈ ಕೆಲಸಾ ನನಗ ಬೇಕು, ನಾ ಮಾಡಬಲ್ಲೆ ಅಂತ ಕೊಡ್ರಿ. ಅವರು ತಪ್ಪು ಹೊತ್ತುಕೊಂಡ್ರು ಅಂತ ಕೊಡಬ್ಯಾಡ್ರಿ."

ಸಾಹೇಬರು ಚಷ್ಮಾ ತಗದು ಮೇಜಿನ ಮ್ಯಾಲ ಇಟ್ರು. "ಅರೇ! ನಿಮ್ಮನ್ನ ಉಳಸಾಕ ಸುಳ್ಳು ಹೇಳಿದ್ನಾ ಆಂವ?" ಅವರ ದನಿ ಮೆತ್ತಗ ಆತು, ಮುಖದ ಮ್ಯಾಲ ನಗಿ ಬಂತು. "ನೋಡ್ರಿ ಮೇಡಮ್, ಡಬ್ಬಿ ಕೆಲಸಾ ಯಾರರೆ ಕಲಿತಾರ. ಹತ್ತು ಮಂದೀನ್ನ ಸಂಭಾಳಿಸಿಕೊಂಡು ಹೋಗಾಕ ಇಂಥಾ ಮನಸು ಬೇಕು. ನೀವು ಖರೆ ಹೇಳಿದ್ದು ಛಲೋ ಆತು, ಇಲ್ಲಂದ್ರ ನನಗ ಗೊತ್ತ ಆಗತಿರಲಿಲ್ಲ. ಅವರ ಆಗಲಿ ಮುಖ್ಯಸ್ಥರು. ನೀವು ಬ್ಯಾಸರಾ ಮಾಡಿಕೋಬ್ಯಾಡ್ರಿ."

ನನ್ನ ಬಾಯಿಗೆ ಮಣ್ಣು ಬಿತ್ತು. ಆಂವ ಸುಳ್ಳು ಹೇಳಿ ದೊಡ್ಡ ಮನಷ್ಯಾ ಆದ. ನಾ ಖರೆ ಹೇಳಿ ಅವನ ಕೈಕೆಳಗ ಬಿದ್ದೆ. ಇದ ಸುಳ್ಳು ನಾ ಹೇಳಿದ್ರ ಸಾಹೇಬರು ಇದನ್ನ ದೊಡ್ಡ ಮನಸು ಅಂತಿದ್ರೋ, ಹೆಂಗಸಿನ ಮಸಲತ್ತು ಅಂತಿದ್ರೋ? ಕೇಳಬೇಕು ಅನಿಸ್ತು. ಕೇಳಿದ್ರ ಅತ್ತುಬಿಡತೇನಿ ಅಂತ ಹೆದರಿ ಹೊರಗ ಬಂದೆ.

ಬಸ್ ಸ್ಟ್ಯಾಂಡಿನ್ಯಾಗ ಬೀಳಗಿ ಬಸ್ಸಿನ ಹಾದಿ ಕಾಯಾಕತ್ತಿದ್ದೆ. ಆಂವ ಮುಧೋಳ ಬಸ್ಸು ಬಿಟ್ಟು ನನ್ನ ಕಡೆ ನಡಕೋತ ಬಂದ. ಸಾಹೇಬರು ಆಗಲೇ ಫೋನ್ ಮಾಡಿದ್ರು ಅಂತ ಕಾಣತೈತಿ.

"ಯಾಕ ಹಂಗ ಮಾಡಿದಿ? ಸುಮ್ಮನ ತಗೊಂಡು ಹೋಗಬಾರದಿತ್ತಾ?"

"ನಿನ್ನ ಭಿಕ್ಷಾ ಯಾರು ಬೇಡಿದ್ರು?"

"ಭಿಕ್ಷಾ ಅಲ್ಲಬೇ. ಆ ಕೆಲಸಾ ನಿಂದ. ನನಗಿಂತ ನಿನಗ ಭಾಳ ತಿಳಿತೈತಿ. ನಿನಗ ಸಿಗಲಿ ಅಂತ ಹೇಳಿದೆ." ಆಮ್ಯಾಲ ದನಿ ಇಳಿಸಿ ಅಂದ: "ಆವಾಗೂ ನಿನ್ನ ಸಲುವಾಗಿನ ಒಲ್ಲೆ ಅಂದಿದ್ದೆ."

"ಏನಂದಿ?"

"ಲಗ್ನ ಆದ್ರ ನಿನ್ನ ಕಾಲೇಜು ಬಿಡಸ್ತೇನಿ ಅಂತ ನಿಮ್ಮವ್ವ ನಮ್ಮಪ್ಪನ ಮುಂದ ಹೇಳಿದ್ದು ನಾ ಕೇಳಿದ್ದೆ. ನಿನಗ ಓದೂ ಹುಚ್ಚು ಎಷ್ಟಿತ್ತು ಅಂತ ನನಗ ಗೊತ್ತಿತ್ತು. ನಾ ಹೂಂ ಅಂದಿದ್ರ ನೀ ರೊಟ್ಟಿ ಬಡಕೋತ ಮನ್ಯಾಗ ಕುಂಡ್ರತಿದ್ದಿ. ಅದಕ್ಕ ಬ್ಯಾಡ ಅಂದೆ. ಅಪ್ಪನ ಕಡಿಂದ ಹೊಡಸ್ಕೊಂಡೆ, ಊರ ಕಡಿಂದ ಬೈಸಿಕೊಂಡೆ. ಯಾರ ಮುಂದೂ ಬಾಯಿ ಬಿಟ್ಟಿಲ್ಲ."

ಹೇಳಿ ನನ್ನ ಮುಖಾ ನೋಡಿದ. ನಾ ಅಳತೇನಿ, ಕೈ ಮುಗಿತೇನಿ ಅಂತ ಕಾದಿದ್ದ ಅನಸ್ತೈತಿ. ನಮ್ಮವ್ವನ ಪಂಚಮಿ ಒಂದೊಂದೂ ಕಣ್ಣ ಮುಂದ ಬಂತು.

"ನನ್ನ ಕೇಳಿದ್ಯಾ?"

"ಆ?"

"ಆವತ್ತ ತಾಟು ಸರಿಸೂ ಮೊದಲ ನನಗ ಒಂದು ಮಾತು ಕೇಳಿದ್ಯಾ? ಇವತ್ತ ಸಾಹೇಬರ ಮುಂದ ಸುಳ್ಳು ಹೇಳೂ ಮೊದಲ ಕೇಳಿದ್ಯಾ? ನನಗ ಏನು ಬೇಕು ಅಂತ ಹೇಳಾಕ ನೀ ಯಾಂವ?"

"ಕೇಳಿದ್ರ ನೀ ಏನಂತಿದ್ದಿ?"

"ಹೂಂ ಅಂತಿದ್ದೆ" ಅಂದೆ. ನನ್ನ ದನಿ ಎಷ್ಟು ಜೋರಿತ್ತಂದ್ರ ಬಾಳಿಹಣ್ಣು ಮಾರಾಕಿ ತಿರುಗಿ ನೋಡಿದಳು. "ನಿನ್ನ ಮಾಡಿಕೊಂತಿದ್ದೆ, ಕಾಲೇಜಿಗೂ ಹೋಗತಿದ್ದೆ. ನಮ್ಮವ್ವನ ಜೋಡಿ ಜಗಳಾ ನಾ ಆಡತಿದ್ದೆ. ನನಗ ಬಾಯಿ ಇರಲಿಲ್ಲೇನು? ನೀ ನನ್ನ ಓದು ಉಳಿಸಲಿಲ್ಲೋ. ನನ್ನ ಬಾಯಿಯಾಗಿನ ಮಾತು ಕಸಗೊಂಡಿ."

ಅವನ ಮುಖಾ ಒಮ್ಮೆಲೆ ಮುದುಕನ ಮುಖಾ ಆತು. ಕಂಡಕ್ಟರ್ ಬೀಳಗಿ ಬೀಳಗಿ ಅಂತ ಒದರಾಕತ್ತಿದ್ದ. ನಾ ಮಂದೀನ್ನ ಸರಿಸಿಕೊಂಡು ಬಸ್ ಹತ್ತಿದೆ.

ಈಗ ಆಂವ ಮುಖ್ಯಸ್ಥ, ನಾ ಅವನ ಕೈಕೆಳಗ. ಎಲ್ಲಾ ಡಬ್ಬಿ ಪಾಸ್‌ವರ್ಡೂ ಅವನ ಹತ್ರ ಅದಾವು. ಮನಸು ಮಾಡಿದ್ರ ಬೀಳಗಿ ಡಬ್ಬಿ ಹೊಕ್ಕು ಬೇಕಾದ್ದು ಬರೀಬಹುದು, ನನಗ ಹೇಳಬೇಕು ಅಂತ ಯಾವ ಕಾಯ್ದೆನೂ ಇಲ್ಲ. ಆದ್ರೂ ಏನರೆ ಬದಲಿ ಮಾಡೂದಿದ್ರ ಮೊದಲ ನನಗ ಫೋನ್ ಹಚ್ಚತಾನ. "ಹಿಂಗ ಮಾಡಬೇಕಂತ ಮಾಡೇನಿ, ನೀ ಏನಂತಿ?" ಅಂತ ಕೇಳತಾನ. ನಾ ಹೂಂ ಅಂದ್ರ ಮಾಡತಾನ, ಬ್ಯಾಡ ಅಂದ್ರ ಬಿಡತಾನ. ಒಮ್ಮೊಮ್ಮೆ ನಾ ಫೋನ್ ಎದರಿಗೆ ಇಟ್ಟುಕೊಂಡು ಎತ್ತಂಗಿಲ್ಲ. ಅದು ಬಾರಿಸಿ ಬಾರಿಸಿ ನಿಲ್ಲತೈತಿ, ಮತ್ತ ಬಾರಿಸ್ತೈತಿ. ಕಾಯಲಿ, ನನಗೇನು ಅವಸರಿಲ್ಲ.